ಅಂಗುಳಿನ ಅಳತೆ

"ನುಣುಪು ಅಳೆಯೋಕೆ ನಿಮ್ಮಲ್ಲಿ ಏನಿದೆ?" ನೆದರ್ಲ್ಯಾಂಡ್ಸಿನ ತನ್ನ ಅಡುಗೆಮನೆಯಲ್ಲಿ ಕೂತು ದೂರದ ಸಣ್ಣ ಉದ್ದಿಮೆಗಳಿಗೆ ಪುಕ್ಕಟೆ ಸಲಹೆ ಕೊಡುವ, ಕಾರ್ಖಾನೆಯಿಂದ ನಿವೃತ್ತನಾದ ಯೊರಿಸ್ ಕೇಳಿದ. ಫೋನಿನ ಪರದೆಯಲ್ಲಿ, ಮಲಾವಿಯಲ್ಲಿ ಶೇಂಗಾ ಬೆಣ್ಣೆ ಮಾಡಿ ಮಾರುವ ತಮಾಂಡಾ ನಕ್ಕಳು. "ಇದೆಯಲ್ಲಜ್ಜ." ಆಗತಾನೇ ಅರೆದ ಶೇಂಗಾ ಬೆಣ್ಣೆಯನ್ನು ಬೆರಳಲ್ಲಿ ತೆಗೆದು, ನಾಲಿಗೆಯಿಂದ ಅಂಗುಳಿಗೊತ್ತಿ ಕಣ್ಣು ಮುಚ್ಚಿದಳು.

ಐವತ್ತು ವರ್ಷಗಳ ಹಿಂದೆ ಯೊರಿಸ್‌ನ ಶೇಂಗಾ ಬೆಣ್ಣೆ ಕಾರ್ಖಾನೆಯಲ್ಲಿ ಮುದುಕ ಮೇಸ್ತ್ರಿ ಡಿರ್ಕ್ ಪ್ರತಿ ಬೆಳಿಗ್ಗೆ ಹೀಗೇ ಕಣ್ಣು ಮುಚ್ಚುತ್ತಿದ್ದ. ಹೊಸದಾಗಿ ಸೇರಿದ್ದ ಯೊರಿಸ್ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದ. ಮುಂದೆ ಅವನೇ ಮೇಲಧಿಕಾರಿಯಾಗಿ, ನುಣುಪು ಅಳೆಯುವ ಯಂತ್ರ ಬಂದಾಗ, ಡಿರ್ಕನನ್ನು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದವನೂ ಯೊರಿಸನೇ.

"ಇನ್ನೂ ತರಿ ಇದೆ," ಎಂದು ತಮಾಂಡಾ ಕಣ್ಣು ತೆರೆದಳು. "ನೀವು ಹೋದ ವಾರ ಹೇಳಿದ ಅಳತೆ ಯಂತ್ರ ತರಿಸ್ಲೇಬೇಕಾ?"

ಯೊರಿಸ್ ತನ್ನ ಮುಂದಿದ್ದ ಆ ಯಂತ್ರದ ಚಿತ್ರವನ್ನು ಬೋರಲು ಹಾಕಿದ. "ಬೇಡಮ್ಮ. ಇನ್ನೊಂದ್ಸಲ ಅರೆದು, ಮತ್ತೆ ಕಣ್ಣು ಮುಚ್ಚು. ನಾನು ನೋಡ್ತಿರ್ತೀನಿ."