ನೂರಾ ಎರಡು ಜ್ವರದ ರೇಸು

ಟಿವಿಯಲ್ಲಿ ಬೆಲ್ಜಿಯಂ ದೇಶದ ಸೈಕಲ್ ರೇಸು ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ನೂರಿಪ್ಪತ್ತು ಹುಡುಗಿಯರು, ಎಲ್ಲರಿಗೂ ಹೆಲ್ಮೆಟ್ಟು, ಎಲ್ಲರಿಗೂ ಕರಿ ಕನ್ನಡಕ. ಆ ಗುಂಪಿನ ನಡುವೆ ನೇರವಾಗಿ ಬೆರಳಿಟ್ಟ ಚಂದವ್ವ, "ಇಕಿ ನಮ್ಮ ರಾಜಶ್ರೀ. ಇಕಿಗೆ ಆರಾಮಿಲ್ಲ" ಎಂದಳು.

ಮನಗೂಳಿಯ ಆ ಪಡಸಾಲೆಯಲ್ಲಿ ಕೂತಿದ್ದ ಗಂಡಸರಿಬ್ಬರೂ ನಕ್ಕರು. "ನಿನ್ನೆ ಫೋನಿನ್ಯಾಗ ಚಲೋ ಮಾತಾಡ್ಯಾಳಲ್ಲ, ಸುಮ್ಕ ನೋಡು" ಎಂದ ಗಂಡ ಸಿದ್ದರಾಯ. ಅವರ ಮಗಳು ರಾಜಶ್ರೀಗೆ ಸೈಕಲ್ ಕಲಿಸಿ ಆ ದೇಶದ ಟೀಮಿನವರೆಗೆ ಮುಟ್ಟಿಸಿದ ಕಲ್ಮೇಶ ಮಾಸ್ತರ ಮಾತ್ರ ಅರ್ಧ ನಗುವಿಗೇ ನಿಲ್ಲಿಸಿ, ಚಹಾದ ಕಪ್ಪಿನೊಳಗೆ ನೋಡತೊಡಗಿದರು.

"ಬಾಯಿ ಸುಳ್ಳ ಹೇಳತೈತಿ, ಕುತ್ತಿಗಿ ಹೇಳಂಗಿಲ್ಲ" ಎಂದಳು ಚಂದವ್ವ. "ಉಳದವರೆಲ್ಲಾ ದಾರಿ ನೋಡಾಕತ್ತಾರ. ಇಕಿ ಮುಂದಿನಾಕಿ ಬೆನ್ನಿಗೆ ತಲಿ ತೂರಿಸ್ಕೊಂಡು ಹೊಂಟಾಳ. ಜ್ವರ ಬಂದ ಕುರಿ ಹಿಂಗ ಹೋಗತೈತಿ."

"ಗಾಳಿ ತಪ್ಪಿಸಾಕ ಹಂಗ ಮಾಡ್ತಾರ್ರೀ ಅವ್ವಾರ, ಅದೊಂದು ಟೆಕ್ನಿಕ್ಕು" ಎಂದರು ಮಾಸ್ತರ.

"ಮೂವತ್ತು ವರ್ಷ ಹಿಂಡಿನ ಹಿಂದ ನಡದೇನಿ. ಗಾಳಿ ಯಾವುದು, ಜ್ವರ ಯಾವುದು ನನಗ ಹೇಳಬ್ಯಾಡ್ರಿ. ನಿಮಗ ಏನೋ ಗೊತ್ತೈತಿ ಮಾಸ್ತರ. ಬಾಯಿ ಬಿಡ್ರಿ."

ಮಾಸ್ತರ ಬಾಯಿ ಬಿಟ್ಟರು. ಹಿಂದಿನ ದಿನವೇ ಹುಡುಗಿ ಅವರಿಗೆ ಮೆಸೇಜು ಹಾಕಿದ್ದಳು: ನೂರಾ ಎರಡು ಜ್ವರ, ಎದೆಯಲ್ಲಿ ನೋವು, ಮನೆಯಲ್ಲಿ ಹೇಳಬೇಡಿ. ಟೀಮಿನ ಡಾಕ್ಟರಿಗೂ ಅವಳು ಹೇಳಿರಲಿಲ್ಲ, ಹೇಳಿದರೆ ಇಳಿಸುತ್ತಾರೆ. ಕರಾರು ಇದೇ ತಿಂಗಳು ಮುಗಿಯುತ್ತದೆ, ಈ ರೇಸು ಮುಗಿಸದಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ.

"ಅದಕ್ಕ ನೀವೇನಂದ್ರಿ?"

"ಹೆಬ್ಬೆಟ್ಟಿನ ಚಿತ್ರ ಕಳಿಸೇನ್ರಿ. ಭೇಷ್ ಅಂತ."

"ಸಾಲಿ ಕಲೀದ ನಾನು ಹೆಬ್ಬೆಟ್ಟು ಒತ್ತೂದು ಸೈ. ಮಾಸ್ತರಾಗಿ ನೀವೂ ಅದನ್ನ ಮಾಡೂದೇನ್ರಿ?" ಚಂದವ್ವನಿಗೆ ತಲೆ ಕೆಟ್ಟುಹೋಯಿತು. "ಹಿಂದ ಕಾರಿನ್ಯಾಗ ಟೀಮಿನವರು ಅದಾರಲ್ಲ, ಅವರಿಗೆ ಈಗ ತಿಳಸ್ರಿ."

"ಹುಚ್ಚೇನು ನಿನಗ?" ಸಿದ್ದರಾಯ ಸಿಡಿದ. "ಎಂಟು ವರ್ಷ ಬೆವರು ಸುರಿಸ್ಯಾಳ ಹುಡಿಗಿ. ಒಂದ ಮೆಸೇಜಿನ್ಯಾಗ ಎಲ್ಲಾ ಮಣ್ಣುಪಾಲ ಮಾಡ್ತಿ?"

"ಜ್ವರ ಬಂದ ಕುರೀನ ಹೆಗಲ ಮ್ಯಾಲ ಹೊತ್ತೀವಿ, ಇಲ್ಲಾ ನೆರಳಿಗೆ ಬಿಟ್ಟೀವಿ. ನೀವರ ಯಾವತ್ತರ ನಡಸಿ ಕೊಂದೀರೇನು?"

ಮಾಸ್ತರ ಟೀಮಿನವರ ನಂಬರಿಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು, ಅಳಿಸಿದರು, ಮತ್ತೆ ಬರೆದರು. "ಇನ್ನೊಂದ ಏರು ದಾಟಲಿ, ನೋಡೂಣ್ರಿ" ಎಂದರು. ಗಂಡಸರ 'ನೋಡೂಣ'ಕ್ಕೆ ಎಂದಾದರೂ ಕೊನೆಯಿದೆಯೇ! ಏರು ಬಂತು, ಹೋಯಿತು. ಮೆಸೇಜು ಮಾತ್ರ ಫೋನಿನಲ್ಲೇ ಕೂತಿತ್ತು.

ಅಷ್ಟರಲ್ಲಿ ಸಿದ್ದರಾಯ ಎದ್ದು ನಿಂತು ಚಪ್ಪಾಳೆ ಹೊಡೆದ. ಟಿವಿ ತುಂಬ ರಾಜಶ್ರೀ ಒಬ್ಬಳೇ ಇದ್ದಳು, ಆಚೀಚೆ ಯಾರೂ ಇಲ್ಲ. "ನೋಡ್ರಿ ಮಾಸ್ತರ! ಎಲ್ಲಾರನ್ನೂ ಹಿಂದ ಹಾಕಿ ಒಬ್ಬಾಕೀನ ಹೊಂಟಾಳ!"

"ಇಲ್ರಿ ಸಿದ್ದರಾಯಣ್ಣ" ಎಂದರು ಮಾಸ್ತರ, ತಗ್ಗಿದ ದನಿಯಲ್ಲಿ. "ಎಲ್ಲಾರೂ ಮುಂದ ಹೋಗ್ಯಾರ. ಇಕಿ ಹಿಂದ ಉಳದಾಳ."

ಸೈಕಲ್ಲು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ತೂರಾಡುತ್ತಿತ್ತು. ಚಂದವ್ವ ಮಾಸ್ತರರ ಕೈಯಿಂದ ಫೋನು ಕಸಿದುಕೊಂಡು, "ಎಲ್ಲಿ ಒತ್ತಬೇಕು ತೋರಸ್ರಿ" ಎಂದಳು. ಮಾಸ್ತರ ತೋರಿಸಿದರು. ಒತ್ತಿದಳು. ಐದು ನಿಮಿಷಕ್ಕೆ ಕಾರೊಂದು ಪಕ್ಕಕ್ಕೆ ಬಂತು, ಇಬ್ಬರು ಇಳಿದು ಹುಡುಗಿಯನ್ನು ತಡೆದು ಕಂಬಳಿ ಹೊದಿಸಿದರು. ಅವಳು ಕಂಬಳಿಯನ್ನು ಕಿತ್ತೆಸೆಯುತ್ತಿರುವಾಗಲೇ ಟಿವಿ ಮುಂದಿನವರ ಕಡೆ ಹೋಯಿತು.

ಎರಡು ತಾಸಿನ ಮೇಲೆ ಆಸ್ಪತ್ರೆಯಿಂದ ಫೋನು ಬಂತು. "ಯಾರ ಹೇಳಿದ್ರು ಅವರಿಗೆ?" ರಾಜಶ್ರೀ ಅಳುತ್ತಲೇ ಚೀರಿದಳು. ಗಂಡಸರಿಬ್ಬರೂ ಚಾವಣಿ ನೋಡಿದರು.

"ನಾ ಹೇಳಸೇನಿ" ಎಂದಳು ಚಂದವ್ವ.

"ನಿನಗೇನ ತಿಳೀತೈತಿ ಇದರಾಗಿಂದು? ನನ್ನ ಬಾಳ ಹಾಳ ಮಾಡಿದೆಲ್ಲ ಅವ್ವಾ! ಇನ್ನ ಯಾವ ಟೀಮಿನವರೂ ನನ್ನ ಕರಿಯಂಗಿಲ್ಲ!" ಬೈಗುಳದ ನಡುವೆ ಕೆಮ್ಮು, ಕೆಮ್ಮಿನ ನಡುವೆ ಬೈಗುಳ. ಮಾತು ನಿಲ್ಲಲೇ ಇಲ್ಲ.

ಸಾಕು ಎಂಬಂತೆ ಸಿದ್ದರಾಯ ಫೋನಿಗೆ ಕೈ ಚಾಚಿದ. ಚಂದವ್ವ ಕೊಡಲಿಲ್ಲ. ಗೋಡೆಗೆ ಒರಗಿ ಕೂತು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಬೈ ನನ್ನವ್ವಾ, ಇನ್ನಷ್ಟ ಬೈ. ಬೈಯಾಕ ಉಸುರು ಉಳದೈತಲ್ಲ."