ಕುರ್ಚಿಯ ಬೆನ್ನು

ಬೀದಿಯ ತಿರುವಿನಲ್ಲಿ ಅಕ್ಕ ತನ್ನ ಶಾಲನ್ನು ತಮ್ಮನ ಕಣ್ಣಿಗೆ ಸುತ್ತಿ, ತಲೆಯ ಹಿಂದೆ ಗಂಟು ಬಿಗಿದಳು. ತಮ್ಮ ಬೋರ್ಡ್ ಬರೆಯುವ ಪೇಂಟರ್. ಮುಂದಿನ ಬೀದಿಯ ಬಾರುಗಳ ಬೋರ್ಡುಗಳೆಲ್ಲ ಅವನ ಕೈಯವೇ. ಅಕ್ಷರ ಅವನದು, ಕೂಲಿಯೆಂದು ಕೈಗೆ ಬಂದದ್ದು ಗ್ಲಾಸು. ಕುಡಿತ ಬಿಡುವವರ ಸಭೆ ಆ ಬೀದಿಯ ಆಚೆ ತುದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲೆ. ಅದಕ್ಕೆ ಮಾತ್ರ ಬೋರ್ಡ್ ಇಲ್ಲ. ಅಲ್ಲಿಗೆಂದು ಹೊರಟಾಗಲೆಲ್ಲ ಪೇಂಟರ್ ತಾನು ಬರೆದ ಯಾವುದೋ ಅಕ್ಷರದ ಅಂದ ನೋಡುತ್ತ ನಿಂತು, ನಿಂತಲ್ಲಿಂದಲೇ ಬಾರಿನೊಳಗೆ ಹೋಗಿಬಿಟ್ಟಿದ್ದ.

"ಇವತ್ತು ಮೀಟಿಂಗಲ್ಲಿ ಕೂತು ಬರದೇ ಇದ್ರೆ ನಿನ್ನ ಹೆಂಡ್ತಿ ಬಾಗಿಲು ತೆಗಿಯಲ್ಲ, ನೆನಪಿದೆಯಾ?"

"ನಿನ್ನ ಮನೆ ಇದೆಯಲ್ಲಕ್ಕಾ."

"ನನ್ನ ಮನೇಲಿ ಹೊಲಿಗೆ ಮೆಷಿನ್ನಿಗೇ ಕಾಲು ಚಾಚೋಕೆ ಜಾಗ ಇಲ್ಲ. ನಡಿ!"

ಕಣ್ಣು ಕಟ್ಟಿದವನನ್ನು ಕಂಡು ಪೊಲೀಸಿನವನು ಸೀಟಿ ಊದಿ ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿದ. ಬಸ್ಸೊಂದು ಉಸಿರು ಬಿಗಿಹಿಡಿದು ಕಾಯಿತು. ಮುದುಕಿಯೊಬ್ಬಳು ಬಂದು ಪೇಂಟರನ ಬೆನ್ನು ಸವರಿ, "ಪಾಪ, ಹುಟ್ಟಿದಾಗಿಂದಾನೇನಮ್ಮಾ?" ಎಂದಳು. "ಇಲ್ಲಜ್ಜಿ, ಮದುವೆ ಆದಾಗಿಂದ" ಎಂದಳು ಅಕ್ಕ. ಶಾಲಿನೊಳಗೆ ತಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ಬೀದಿ ಅವನಿಗೆ ಮೂಗಿನಲ್ಲೇ ಗೊತ್ತಿತ್ತು. "ಎಡಕ್ಕೆ ಬಾರಕ್ಕಾ, ಚರಂಡಿಯ ಕಲ್ಲು ಎದ್ದಿದೆ, ನಾನು ಇಲ್ಲೇ ಬಿದ್ದು ಹಲ್ಲು ಮುರ್ಕೊಂಡಿದ್ದು" ಎಂದು ಅವನೇ ಅಕ್ಕನ ಕೈ ಎಳೆದ. "ನೀನು ಬೀಳದೇ ಇರೋ ಜಾಗ ಹೇಳು ಮಾರಾಯ, ಬೇಗ ಮುಗಿಯುತ್ತೆ" ಎಂದಳು ಅವಳು.

ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲಲ್ಲಿ ಅಕ್ಕನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅವಳು ಬಗ್ಗಿದಳು. ಮೇಲೆಲ್ಲೋ ಜನ ಚಪ್ಪಾಳೆ ತಟ್ಟುತ್ತಿದ್ದರು. "ದಾಟಿಬಿಟ್ಟೆ ಕಣಕ್ಕಾ!" ಎಂದು ಕೂಗಿದ ಪೇಂಟರ್ ಕಂಬಿ ಹಿಡಿದು, ಚಪ್ಪಾಳೆಯ ಸದ್ದಿನ ಹಿಂದೆಯೇ ದಡದಡ ಹತ್ತಿ ಬಾಗಿಲು ತಳ್ಳಿ ಒಳಗೆ ನಿಂತ. ಶಾಲು ಬಿಚ್ಚಿದರೆ ಬಂದ ಧೈರ್ಯವೂ ಬಿಚ್ಚಿಹೋದೀತೆಂದು ಹಾಗೇ ಶುರು ಮಾಡಿದ.

"ನಮಸ್ಕಾರ. ನಾನು ಕುಡುಕ. ಕೈ ನಡುಗುತ್ತೆ, ಅಕ್ಷರ ಸೊಟ್ಟಗಾಗುತ್ತೆ. ಮಗಳ ಶಾಲೆಯ ಬೋರ್ಡ್ ಬರೆಯೋಕೆ ಹೋದೆ. ಹೆಡ್ ಮೇಡಂ ಅರ್ಧದಲ್ಲೇ ಸಾಕು ಅಂದ್ಬಿಟ್ರು. ಮಗಳು ಕಿಟಕಿಯಿಂದ ನೋಡ್ತಿದ್ಲು. ಈ ಬೀದಿಯ ಬಾರಿನವ್ರಿಗೆಲ್ಲ ನನ್ನ ಕೈ ಕೊಟ್ಟಿದ್ದೀನಿ. ಇನ್ನು ಕೊಡಲ್ಲ."

ಪೇಂಟರ್ ಶಾಲು ಕೆಳಗೆಳೆದ. ಎದುರಿಗೆ ಮೆತ್ತನೆಯ ಕುರ್ಚಿಗಳ ಸಾಲು, ಅರ್ಧಕ್ಕರ್ಧ ಖಾಲಿ. ಕೂತವರೆಲ್ಲ ಅವನಿಗೆ ಬಾರಿನ ಗಲ್ಲಾದ ಹಿಂದೆ ಕಂಡು ಪರಿಚಯವಿದ್ದ ಮುಖಗಳೇ. ಖಾಲಿ ಕುರ್ಚಿಗಳ ಒರಗಿನ ಮೇಲೆ 'ಮದ್ಯ ಮಾರಾಟಗಾರರ ಸಂಘ' ಎಂಬ ಕೆಂಪು ಅಕ್ಷರ, ಅದಕ್ಕೊಂದು ಕಪ್ಪು ನೆರಳು. ಅವನದೇ ಕೈಬರಹ.

"ಪೇಂಟರೇ, ನೀವು ಹುಡುಕ್ತಿರೋದು ಇನ್ನೊಂದು ಮಹಡಿ ಮೇಲೆ" ಎಂದರು ಅಧ್ಯಕ್ಷರು ಮೈಕಿನಲ್ಲೇ. "ಈಗ ಪಾರ್ಟಿ ಇದೆ, ಮುಗಿಸ್ಕೊಂಡೇ ಹೋಗಿ. ನಾಳೆಯಿಂದ ಬಿಟ್ರಾಯ್ತು!" ಸಭೆ ಹೊಟ್ಟೆ ಹಿಡಿದು ನಕ್ಕಿತು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು. ಕಿತ್ತ ಚಪ್ಪಲಿ ಕೈಯಲ್ಲಿತ್ತು. ನಗು ಎಲ್ಲಿತ್ತೋ ಅಲ್ಲೇ ನಿಂತಿತು.

ಮೇಲಿನ ಕೋಣೆ ನೀರಿನ ಟ್ಯಾಂಕಿನ ಪಕ್ಕ, ತಗಡಿನ ಸೂರಿನ ಕೆಳಗಿತ್ತು. ಮುರುಕು ಬೆಂಚಿನ ಮೇಲೆ ಒಂದಷ್ಟು ಜನ ಒತ್ತಿಕೊಂಡು ಕೂತಿದ್ದರು. ಲಾರಿ ಡ್ರೈವರ್ ಒಬ್ಬ ಬಣ್ಣದ ಖಾಲಿ ಡಬ್ಬ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಸಭೆ ನಡೆಸುತ್ತಿದ್ದ ನರ್ಸಮ್ಮ ಎದ್ದು ಬಂದು ಪೇಂಟರನ ಕೈ ಹಿಡಿದುಕೊಂಡಳು. "ಬನ್ನಿ ಅಣ್ಣಾ. ಕೂರೋಕೆ ಜಾಗ ಇಲ್ಲ, ನಿಂತ್ಕೊಂಡೇ ಇರ್ಬೇಕಾಗುತ್ತೆ, ಪರವಾಗಿಲ್ವಾ?"

"ಆಗಲ್ಲಮ್ಮ. ನನ್ನ ಹೆಂಡ್ತಿ ಕೂತು ಬಾ ಅಂದಿದ್ದಾಳೆ. ನಿಂತ್ರೆ ಲೆಕ್ಕಕ್ಕಿಲ್ಲ" ಎಂದವನೇ ಪೇಂಟರ್ ಕೆಳಗಿಳಿದ. ಈ ಸಲ ಕಣ್ಣು ಬಿಟ್ಟುಕೊಂಡೇ ಹೋಗಿ, ಮುಂದಿನ ಸಾಲಿನ ಒಂದು ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಹೊತ್ತ.

"ಏಯ್ ಪೇಂಟರ್, ಅದು ಸಂಘದ ಕುರ್ಚಿ!"

"ಗೊತ್ತು ಸಾರ್, ಬರೆದವನೇ ನಾನು. ಅವತ್ತು ಕೂಲಿ ಅಂತ ಗ್ಲಾಸು ಕೊಟ್ರಿ. ಇವತ್ತು ಕೂಲಿ ತಗೊಂಡು ಹೋಗ್ತಿದ್ದೀನಿ."

ಯಾರೋ ತಡೆಯಲು ಎದ್ದರು. ಹಿಂದೆಯೇ ಇಳಿದು ಬಂದಿದ್ದ ಅಕ್ಕ ಚಪ್ಪಲಿಯನ್ನು ಬಲಗೈಗೆ ಬದಲಾಯಿಸಿಕೊಂಡಳು. ಎದ್ದವರು ಕೂತರು.

ಮೇಲೆ ಬಂದ ಪೇಂಟರ್ ಕುರ್ಚಿಯನ್ನು ಕೋಣೆಯ ನಡುವೆ ಇಟ್ಟು, ಒಂದು ಕೆಂಪು ಅಕ್ಷರವೂ ಹೊರಗೆ ಕಾಣದಂತೆ ಬೆನ್ನು ಪೂರ್ತಿ ಒರಗಿಸಿ ಕೂತ. ಅವನನ್ನೇ ನೋಡುತ್ತಿದ್ದ ಲಾರಿ ಡ್ರೈವರ್ ಡಬ್ಬದಿಂದ ಮೆಲ್ಲಗೆ ಎದ್ದ, ಲುಂಗಿ ಎತ್ತಿ ಕಟ್ಟಿದ.

"ಕೆಳಗೆ ಇನ್ನೂ ಖಾಲಿ ಕುರ್ಚಿ ಇದಾವಾ?"