ಮೂರನೇ ಪಂಜರ

ಮೂರನೇ ಪಂಜರದ ಮುಚ್ಚಳ ತೆಗೆದಾಗ ಎಂಟು ಇಲಿಗಳೂ ಓಡಾಡಿಕೊಂಡಿದ್ದವು. ಅವಕ್ಕೆ ಪ್ಲೇಗ್ ತಗುಲಿಸಿ ಹದಿನಾಲ್ಕು ದಿನವಾಗಿತ್ತು. ಒಂದೊಂದೇ ಮದ್ದು ಕೊಟ್ಟ ಮೊದಲೆರಡು ಪಂಜರಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಈ ಪಂಜರಕ್ಕೆ ಎರಡನ್ನೂ ಕೂಡಿಸಿ ಕೊಟ್ಟಿದ್ದರು.

"ನೋಡ್ದೆಯಾ ಲಾಂಟೊ, ಎಂಟಕ್ಕೆ ಎಂಟೂ," ಎಂದರು ಡಾಕ್ಟರ್ ಸೊಲೊಫೊ. "ಇನ್ನು ಇವನ್ನೂ ಮುಗಿಸು. ಹೊಟ್ಟೇಲಿ ರೋಗಾಣು ಸೇರಿಕೊಳ್ಳೋ ಗುಲ್ಮ ಕೊಯ್ದು ನೋಡೋವರೆಗೂ ಗುಣ ಆಗಿದೆ ಅಂತ ಬರೆಯೋಕಾಗಲ್ಲ."

ಅಂಟನನರಿವೊ ನಗರದ ಆ ಪ್ರಯೋಗಾಲಯದಲ್ಲಿ ಲಾಂಟೊಗೆ ಇದು ಹತ್ತು ವರ್ಷದ ಕೆಲಸ. ಒಂದೊಂದಾಗಿ ಮುಗಿಸಿ ಕೊಯ್ದಳು. ಎಂಟು ಗುಲ್ಮಗಳಲ್ಲೂ ರೋಗಾಣುವಿನ ಸುಳಿವಿರಲಿಲ್ಲ. ಆಮೇಲೆ, ಸತ್ತವನ್ನು ಸುಡಲು ಕೆಂಪು ಚೀಲಕ್ಕೆ ಹಾಕುವ ಬದಲು, ಮೇಜು ಒರೆಸುವ ಬಿಳಿ ಬಟ್ಟೆಯನ್ನು ಹರಿದು, ಒಂದು ಇಲಿಯನ್ನು ಅದರ ಮೇಲೆ ಮಲಗಿಸಿ, ತಲೆಯಿಂದ ಬಾಲದವರೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಎರಡನೆಯದಕ್ಕೂ ಬಟ್ಟೆ ಹರಿದಳು.

"ಏನಮ್ಮಾ ಇದು, ಬೆಂಕಿಗೆ ಹೋಗೋ ಇಲಿಗೆ ಹೆಣದ ಬಟ್ಟೆ ಬೇರೆ ಕೇಡು," ಡಾಕ್ಟರು ನಕ್ಕರು. "ನಿಮ್ಮ ಹಿರೀಕರ ಗೋರಿಗೆ ಸೇರಿಸ್ತೀಯೇನು?"

ಲಾಂಟೊ ತಲೆ ಎತ್ತಲಿಲ್ಲ. "ಅಮ್ಮನನ್ನೇ ಸೇರಿಸೋಕೆ ಬಿಡಲಿಲ್ಲ ಡಾಕ್ಟ್ರೇ. ನಮ್ಮೂರ ಆಸ್ಪತ್ರೇಲಿ ಆಗ ಇದ್ದಿದ್ದು ಆ ಮೊದಲನೇ ಪಂಜರದ ಮದ್ದೊಂದೇ. ಪ್ಲೇಗ್ ಹೆಣ ಅಂತ ಆಸ್ಪತ್ರೆಯವರು ಊರಾಚೆ ಗುಂಡಿ ತೋಡಿಸಿದ್ರು. ಅವರೇನೂ ಕೆಟ್ಟವರಲ್ಲ, ಬಟ್ಟೆ ಸುತ್ತೋಕೆ ನನಗೆ ಕೈಗವಸು ಕೊಟ್ರು."

ಎರಡನೆಯ ಗಂಟನ್ನು ಬಿಗಿದಳು.

"ನಾನೇ ಹತ್ತಿರ ಹೋಗ್ಲಿಲ್ಲ."